ತವರು ತಂಡ ತೊರೆದ ರಾನ್ ಬರಾಸಿ

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಸ್ಥಾಪನಾ ದಿನದಂದು ಸಾಹಿತಿಗಳ ಬಗ್ಗೆ ಮಾತನಾಡುವುದು ವಾಡಿಕೆ. ಈ ಸಲ ಒಬ್ಬ ಫುಟ್‌ಬಾಲ್ ಆಟಗಾರನ ಬಗ್ಗೆ ನಾಲ್ಕು ಮಾತು ಆಡುತ್ತೇವೆ ಎಂದಾಗ ಸಮಿತಿಯವರು ಮುಖ ಮುಖ ನೋಡಿಕೊಂಡರು. ಕಾರಣ ಇಲ್ಲದೆ ಹಾಗೆ ಹೇಳಲಿಲ್ಲ ಎಂಬುದು ಮಾತಿನ ಕೊನೆಗೆ ತಿಳಿದೀತು.

ನಾವು ಮೆಲ್ಬರ್ನಿಗೆ ಬಂದ ಹೊಸತರಲ್ಲಿ ಆಫೀಸಿನಲ್ಲಿ ಎದುರಾದ ಮೊದಲ ಪ್ರಶ್ನೆ, ‘ನಿಮ್ಮದು ಯಾವ ತಂಡ?’ ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ‘ಯಾವೂರಾಯ್ತು?’ ಎಂದು ಕೇಳುವ ಹಾಗೆ. ಆಗ ನಮಗೆ ಈ ಆಟದ ಗಂಧಗಾಳಿಯೂ ಗೊತ್ತಿರಲಿಲ್ಲ. ಮೊಟ್ಟೆಯಾಕಾರದ ಚೆಂಡು, ಕಡೆಗೆ ಹದಿನೆಂಟು ಮಂದಿ, ನಡುಗಂಬಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕಕ್ಕೆ ಹೋದರೂ ಒಂದು ಅಂಕ! ಗುರಿ ತಪ್ಪಿದವನಿಗೂ ಬಹುಮಾನ ಕೊಡುವ ಆಟ ಎಂದು ನಕ್ಕಿದ್ದೆವು. ಈಗ ಮಕ್ಕಳಿಂದಾಗಿ ನಾವೂ ಶನಿವಾರ ಬೆಳಿಗ್ಗೆ ಚಳಿಯಲ್ಲಿ ಮೈದಾನದ ಅಂಚಿನಲ್ಲಿ ನಿಲ್ಲುತ್ತೇವೆ. ಹಾಗೆ ನಿಂತಾಗ ಕೇಳಿದ ಹೆಸರು ರಾನ್ ಬರಾಸಿ.

ಬರಾಸಿ ಹುಟ್ಟಿದ್ದು 1936ರಲ್ಲಿ, ವಿಕ್ಟೋರಿಯಾದ ಕ್ಯಾಸಲ್‌ಮೇನ್ ಎಂಬ ಊರಿನಲ್ಲಿ. ಪೂರ್ವಜರು ಸ್ವಿಸ್-ಇಟಾಲಿಯನ್ ವಲಸಿಗರು. ಅಂದರೆ ಅವರ ಮನೆತನದವರೂ ನಮ್ಮಂತೆಯೇ ಒಂದು ದಿನ ಗಂಟುಮೂಟೆ ಕಟ್ಟಿ ಬಂದವರು. ತಂದೆಯ ಹೆಸರೂ ರಾನ್. ಅವರು 1940ರಲ್ಲಿ ಪ್ರೀಮಿಯರ್‌ಷಿಪ್ ಗೆದ್ದ ಮೆಲ್ಬರ್ನ್ ಕ್ಲಬ್ಬಿನ ಆಟಗಾರ. ಮರುವರ್ಷವೇ, 1941ರಲ್ಲಿ, ಟೊಬ್ರುಕ್ ರಣರಂಗದಲ್ಲಿ ತೀರಿಕೊಂಡರು. ಆಗ ಮಗನಿಗೆ ಐದು ವರ್ಷ.

ಮಗ ಬೆಳೆದಾಗ, ಅಂದಿನ ಕಟ್ಟಳೆಯಂತೆ, ವಾಸಸ್ಥಳಕ್ಕೆ ಸೇರಿದ ಬೇರೆ ಕ್ಲಬ್ಬಿಗೆ ಹೋಗಬೇಕಾಗಿತ್ತು. ತಂದೆ ಆಡಿದ ಕ್ಲಬ್ಬಿಗೆ ಮಗನೂ ಸೇರಬಹುದು ಎಂಬ ನಿಯಮಕ್ಕಾಗಿ ಮೆಲ್ಬರ್ನ್ ಕ್ಲಬ್ ಪಟ್ಟು ಹಿಡಿಯಿತು. ಆ ನಿಯಮದಿಂದ ಮೊದಮೊದಲು ಪ್ರಯೋಜನ ಪಡೆದವರಲ್ಲಿ ಬರಾಸಿ ಒಬ್ಬರು. ತಾಯಿ ಟಾಸ್ಮೇನಿಯಾಕ್ಕೆ ಹೋದಾಗ ಹುಡುಗನನ್ನು ತನ್ನ ಮನೆಯ ಹಿತ್ತಿಲ ಕೋಣೆಯಲ್ಲಿ ಇರಿಸಿಕೊಂಡವರು ಅದೇ ಕ್ಲಬ್ಬಿನ ಕೋಚ್ ನಾರ್ಮ್ ಸ್ಮಿತ್, ತಂದೆಯ ಹಳೆಯ ಜೊತೆ ಆಟಗಾರ. ಕ್ಲಬ್ಬೇ ತವರಾಯಿತು, ಕೋಚೇ ತಂದೆಯಾದರು.

ಆ ಋಣವನ್ನು ಹುಡುಗ ಚೆನ್ನಾಗಿಯೇ ತೀರಿಸಿದ. 1953ರಿಂದ 1964ರವರೆಗೆ 31ನೆಯ ನಂಬರಿನ ಅಂಗಿ ತೊಟ್ಟು 204 ಪಂದ್ಯ, ಆರು ಪ್ರೀಮಿಯರ್‌ಷಿಪ್. ಕೊನೆಯ ಎರಡರಲ್ಲಿ ಅವರೇ ನಾಯಕ.

ಅಷ್ಟಾದ ಮೇಲೆ, 1964ರ ಗೆಲುವಿನ ಬೆನ್ನಿಗೇ, ಬರಾಸಿ ಮೆಲ್ಬರ್ನ್ ಬಿಟ್ಟು ಕಾರ್ಲ್‌ಟನ್ ಕ್ಲಬ್ಬಿಗೆ ನಾಯಕ ಹಾಗೂ ಕೋಚ್ ಆಗಿ ಹೊರಟುಬಿಟ್ಟರು. ನಗರ ದಂಗಾಯಿತು. ಆಗ ಕ್ಲಬ್ ಎಂದರೆ ಮನೆತನವಿದ್ದ ಹಾಗೆ, ಬಿಡುವುದುಂಟೇ? ಸಾಕಿದ ಕ್ಲಬ್ಬಿಗೇ ದ್ರೋಹ ಎಂದು ಅನೇಕರು ನೊಂದುಕೊಂಡರು. ಆದರೆ ಸ್ಮಿತ್ ಇರುವವರೆಗೆ ಆ ಮನೆಯಲ್ಲಿ ಮತ್ತೊಬ್ಬ ಕೋಚಿಗೆ ಜಾಗವಿರಲಿಲ್ಲ. ಕಲಿತದ್ದನ್ನು ತಾನೇ ಮಾಡಿ ನೋಡಬೇಕೆಂದರೆ ಹೊಸ್ತಿಲು ದಾಟಲೇಬೇಕಿತ್ತು.

ಬಂಧುಗಳೇ, ಇಲ್ಲಿ ಕೂತಿರುವ ನಮ್ಮಲ್ಲಿ ಈ ಮಾತು ಕೇಳದವರು ಯಾರಿದ್ದೇವೆ? ‘ಇಲ್ಲಿ ಓದಿ ಅಲ್ಲಿ ದುಡಿಯೋಕೆ ಹೋದ್ರಾ?’ ಎಂದು ಮದುವೆಮನೆಯಲ್ಲಿ ಯಾರೋ ತಮಾಷೆಯಾಗಿ ಅಂದದ್ದು ವಿಮಾನ ಹತ್ತಿದ ಮೇಲೂ ಕಿವಿಯಲ್ಲಿ ಉಳಿಯುತ್ತದೆ.

ಬರಾಸಿ ಹೋದ ಕಡೆ ಏನು ಮಾಡಿದರು ನೋಡಿ. 1947ರಿಂದ ಗೆಲುವು ಕಾಣದ ಕಾರ್ಲ್‌ಟನ್ 1968ರಲ್ಲಿ ಪ್ರೀಮಿಯರ್ ಆಯಿತು. 1970ರ ಫೈನಲ್ ಅಂತೂ ಇಂದಿಗೂ ಜನರ ಬಾಯಲ್ಲಿದೆ. ಎಂ.ಸಿ.ಜಿ.ಯಲ್ಲಿ 1,21,696 ಪ್ರೇಕ್ಷಕರು. ಅರ್ಧ ಆಟಕ್ಕೆ ಎದುರಾಳಿ ಕಾಲಿಂಗ್‌ವುಡ್ 44 ಅಂಕ ಮುಂದೆ. ವಿರಾಮದಲ್ಲಿ ಬರಾಸಿ, ಚೆಂಡನ್ನು ದೂರ ಒದೆಯುತ್ತ ಕೂರಬೇಡಿ, ಮುಷ್ಟಿಯಿಂದ ಗುದ್ದಿ ಪಕ್ಕದವನಿಗೆ ದಾಟಿಸುತ್ತ ಓಡಿ ಎಂದರು. ಬದಲಿ ಆಟಗಾರ ಟೆಡ್ ಹಾಪ್ಕಿನ್ಸ್ ಕಣಕ್ಕಿಳಿದು ನಾಲ್ಕು ಗೋಲು ಹೊಡೆದ. ಕಾರ್ಲ್‌ಟನ್ ಹತ್ತು ಅಂಕಗಳಿಂದ ಗೆದ್ದಿತು! ಮುಷ್ಟಿಯ ಪಾಸು ಸಂಕಟಕಾಲದ ಉಪಾಯವಷ್ಟೇ ಅಲ್ಲ, ದಾಳಿಯ ಅಸ್ತ್ರ ಎಂಬುದು ಎಲ್ಲರ ಕಣ್ಣಿಗೂ ಬಿತ್ತು.

ಮುಂದೆ ನಾರ್ತ್ ಮೆಲ್ಬರ್ನ್. 1925ರಲ್ಲಿ ಲೀಗ್ ಸೇರಿ ಒಮ್ಮೆಯೂ ಗೆಲ್ಲದಿದ್ದ ಬಡ ಕ್ಲಬ್ಬಿಗೆ 1975ರಲ್ಲಿ ಮೊದಲ ಪ್ರೀಮಿಯರ್‌ಷಿಪ್. 1977ರಲ್ಲಿ ಫೈನಲ್ ಸಮವಾಗಿ, ಮರುವಾರ ಮತ್ತೆ ಆಡಿ ಇನ್ನೊಂದು.

ಇನ್ನು ತವರಿಗೆ ಮರಳಿದ ಕತೆ. 1981ರಲ್ಲಿ ಬರಾಸಿ ಕೋಚ್ ಆಗಿ ಮೆಲ್ಬರ್ನಿಗೆ ಬಂದರು. ಅದೇ ವರ್ಷದ ಫೆಬ್ರವರಿಯಲ್ಲಿ, ಅದೇ ಎಂ.ಸಿ.ಜಿ.ಯಲ್ಲಿ, ನಮ್ಮ ಭದ್ರಾವತಿಯ ವಿಶ್ವನಾಥ್ 114 ರನ್ ಹೊಡೆದು ಭಾರತವನ್ನು ಕಾಪಾಡಿದ್ದರು. ಬರಾಸಿಗೆ ಆ ಅದೃಷ್ಟ ಇರಲಿಲ್ಲ. ಸಿನಿಮಾ ಆಗಿದ್ದರೆ ತವರಿಗೆ ಬಂದವನು ಕಪ್ ಗೆದ್ದು ಅತ್ತುಬಿಡಬೇಕಿತ್ತು. ಮೊದಲ ವರ್ಷ ಇಪ್ಪತ್ತೆರಡು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು! 1985ರವರೆಗೆ ಹೆಣಗಿದರೂ ಪ್ರೀಮಿಯರ್‌ಷಿಪ್ ಬರಲಿಲ್ಲ. ಆದರೂ ಅವರ ಕಾಲದಲ್ಲೇ ಐರ್ಲೆಂಡಿನ ಹುಡುಗರನ್ನು ಕರೆಸಿ ಈ ಆಟ ಕಲಿಸುವ ಪ್ರಯೋಗ ನಡೆಯಿತು. ಹಾಗೆ ಬಂದ ಜಿಮ್ ಸ್ಟೈನ್ಸ್ 1991ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನ ಬ್ರೌನ್‌ಲೋ ಪದಕ ಪಡೆದ. ಹೊರಗಿನಿಂದ ಬಂದವನನ್ನು ಒಳಗಿನವನಾಗಿ ಮಾಡುವ ಕೆಲಸ ಕಪ್ಪಿಗಿಂತ ಚಿಕ್ಕದೇ?

ಕೊನೆಯದಾಗಿ ಸಿಡ್ನಿ. ರಗ್ಬಿ ಆಡುವ ರಾಜ್ಯಗಳಿಗೂ ಈ ಆಟದ ರಾಜ್ಯಗಳಿಗೂ ನಡುವೆ ಇರುವ ಕಾಣದ ಗಡಿಗೆ ಇತಿಹಾಸಕಾರ ಇಯಾನ್ ಟರ್ನರ್ 1978ರಲ್ಲಿ ‘ಬರಾಸಿ ರೇಖೆ’ ಎಂದು ಹೆಸರಿಟ್ಟರು. 1993ರಲ್ಲಿ ಬರಾಸಿಯೇ ಆ ರೇಖೆ ದಾಟಿ, ಸೋತು ಸುಣ್ಣವಾಗಿದ್ದ ಸಿಡ್ನಿ ಸ್ವಾನ್ಸ್ ತಂಡದ ಕೋಚ್ ಆದರು. 1995ರವರೆಗೆ ಅದನ್ನು ಎತ್ತಿ ನಿಲ್ಲಿಸುವ ಯತ್ನ ಮಾಡಿದರು. 1996ರಲ್ಲಿ, ಅವರು ಬಿಟ್ಟ ಮೇಲೆ, ಆ ತಂಡ ಫೈನಲ್ ತಲುಪಿತು. ಬಿತ್ತಿದವನೇ ಉಣ್ಣಬೇಕೆಂದೇನೂ ಇಲ್ಲವಲ್ಲ.

ಬರಾಸಿ ಬಿಟ್ಟುಹೋದ 1964ರ ನಂತರ ಮೆಲ್ಬರ್ನ್ ಕ್ಲಬ್ ಮತ್ತೆ ಪ್ರೀಮಿಯರ್ ಆದದ್ದು 2021ರಲ್ಲಿ, ಐವತ್ತೇಳು ವರ್ಷಗಳ ಮೇಲೆ. ಕೋವಿಡ್ ಕಾರಣ ಆ ಫೈನಲ್ ನಡೆದದ್ದೂ ಊರಿಂದ ದೂರ, ಪರ್ತ್‌ನಲ್ಲಿ. ಆ ದಿನ ಬರಾಸಿ ಬದುಕಿದ್ದರು. 2023ರ ಸೆಪ್ಟೆಂಬರ್‌ನಲ್ಲಿ, 87ನೆಯ ವಯಸ್ಸಿನಲ್ಲಿ, ನಿಧನರಾದರು. ಎಂ.ಸಿ.ಜಿ.ಯ ಹೊರಗೆ ಅವರ ಪ್ರತಿಮೆ ಇದೆ. ಒಮ್ಮೆ ಮಕ್ಕಳಿಗೆ ತೋರಿಸಿ.

ನಮ್ಮಲ್ಲಿ ಕೆಲವರು ಊರಿಗೆ ಮರಳಿಯಾರು, ಕೆಲವರು ಇಲ್ಲೇ ಉಳಿದಾರು. ಮರಳಿದವರೆಲ್ಲ ಗೆಲ್ಲುತ್ತೇವೆ ಎಂದಿಲ್ಲ, ಉಳಿದವರೆಲ್ಲ ಮರೆತೆವು ಎಂದೂ ಇಲ್ಲ. ಹಿತ್ತಿಲ ಕೋಣೆಯಲ್ಲಿ ಕಲಿತ ಶಿಸ್ತನ್ನು ಬರಾಸಿ ಮೂರು ಬೇರೆ ಮನೆಗಳಿಗೆ ಹಂಚಿದರು. ನಮ್ಮ ಅಪ್ಪ ಅಮ್ಮ ಕಲಿಸಿದ್ದನ್ನು ನಾವಿರುವ ಕಡೆ ಹಂಚಿದರೆ ಅದು ತವರಿಗೆ ಮಾಡಿದ ದ್ರೋಹವಾಗದು ಎಂದು ನಮ್ಮ ನಂಬಿಕೆ.

ನಾಳೆ ಆಫೀಸಿನಲ್ಲಿ ಯಾರಾದರೂ ‘ನಿಮ್ಮದು ಯಾವ ತಂಡ?’ ಎಂದರೆ ಒಂದು ಹೆಸರು ಧೈರ್ಯವಾಗಿ ಹೇಳಿ. ಆಮೇಲೆ ‘ಯಾವ ಊರು?’ ಎಂದು ಕೇಳಿದರೆ ಅದನ್ನೂ ಅಷ್ಟೇ ಧೈರ್ಯವಾಗಿ ಹೇಳಿ. ಎರಡಕ್ಕೂ ಎದೆಯಲ್ಲಿ ಜಾಗವಿದೆ.

ಪುಟಾಣಿಗಳು ಅಡಿಗೆಮನೆಯ ಕಡೆ ನೋಡುತ್ತಿದ್ದಾರೆ, ಬಿಸಿಬೇಳೆ ಭಾತ್ ಆರಬಾರದು. ಜೈ ಕರ್ನಾಟಕ.