ಎದೆಯ ಮೇಲೆ ಕೂತವರು ಯಾರು?



ಇವತ್ತು ನಿದ್ದೆಯ ಬಗ್ಗೆ ಮಾತಾಡೋಣ. ಮಲಗೋದಕ್ಕೂ ಪಾಠ ಬೇಕೇನ್ರಿ ಅಂತ ನಗಬೇಡಿ. ಸ್ವಲ್ಪ ತಾಳ್ರಿ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿ ಹದಿನೈದು ದಿನ ಬರಲಿಲ್ಲ. ಬೀಡಿ ಕಟ್ಟುವವರು. ಮನೆಗೆ ಹೋಗಿ ಕೇಳಿದೆ. "ನಸುಕಿನ್ಯಾಗ ಎಚ್ಚರ ಆಗ್ತದ ಅಕ್ಕೋರ. ಕಣ್ಣು ಬಿಡ್ತೀನಿ, ಕೈಕಾಲು ಅಲುಗಂಗಿಲ್ಲ. ಎದಿ ಮ್ಯಾಲ ಯಾರೋ ಕೂತಂಗ. ಕೂಗಿದ್ರ ದನಿನೇ ಬರಂಗಿಲ್ಲ" ಅಂದರು. ಸತ್ತ ಅತ್ತೆಯೇ ಬಂದು ಕೂಡ್ತಾಳೆ ಅಂತ ಓಣಿಯವರು ಹೇಳಿದ್ದರು. ಬಿಡಿಸುವವನಿಗೆ ಕೊಡಲು ಬಚತ್ ಗಟದಿಂದ ಸಾಲ ಎತ್ತುವ ಮಾತು ನಡೆದಿತ್ತು!

ಈಗ ಗಮನವಿಟ್ಟು ಓದಿ. ರಾತ್ರಿಯಿಡೀ ನಿದ್ದೆ ಒಂದೇ ಥರ ಇರುವುದಿಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತು. ಸುತ್ತಿನ ಕೊನೆಗೆ, ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆಗಳು ಸರಸರ ಓಡಾಡುತ್ತವೆ. ಮಲಗಿದ ಕೂಸಿನ ಕಣ್ಣು ನೋಡಿ, ತಿಳೀತದ. 1953ರಲ್ಲಿ ಅಮೆರಿಕದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಬರೆದು ಪ್ರಕಟಿಸಿದರು. ನಿಚ್ಚಳ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ.

ಕನಸಿನಲ್ಲಿ ಓಡುತ್ತೀರಿ, ಆದರೆ ಕಾಲು ಓಡುವುದಿಲ್ಲ. ಯಾಕೆ? ಮಿದುಳಿನ ಬುಡದ ಭಾಗವು ಬೆನ್ನುಹುರಿಗೆ ಸುದ್ದಿ ಕಳಿಸಿ ಕೈಕಾಲಿನ ಸ್ನಾಯುಗಳನ್ನು ಸಡಿಲ ಮಾಡಿರುತ್ತದೆ. ಇಳಿಜಾರಿನಲ್ಲಿ ಬಂಡಿ ನಿಲ್ಲಿಸಿ ಗಾಲಿಗೆ ಕಲ್ಲು ಇಡ್ತೀವಲ್ಲ, ಹಾಗೆ. ಕಣ್ಣು ಮತ್ತು ಉಸಿರಾಡಿಸುವ ವಪೆ ಮಾತ್ರ ಕೆಲಸ ನಡೆಸುತ್ತವೆ. ಕೆಲವು ಸಲ ಎಚ್ಚರ ಮೊದಲು ಬಂದು, ಕಲ್ಲು ತೆಗೆಯುವುದು ತಡವಾಗುತ್ತದೆ. ಕನಸಿನ ತುಣುಕು ಇನ್ನೂ ಕಣ್ಣಮುಂದೆ ಇರುತ್ತದೆ. ಬೇಕೆಂದಾಗ ದೀರ್ಘ ಉಸಿರು ಎಳೆಯಲು ಆಗುವುದಿಲ್ಲ, ಅದೇ ಎದೆಯ ಭಾರ. ಡಾಕ್ಟರು ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಅಂತಾರೆ. ಇದು ಲಕ್ವ ಅಲ್ಲ. ಕೆಲವು ಸೆಕೆಂಡು ಅಥವಾ ಕೆಲವು ನಿಮಿಷದಲ್ಲಿ ತಾನೇ ಬಿಡುತ್ತದೆ.

ಜಪಾನಿನಲ್ಲಿ ಇದಕ್ಕೆ ಕನಶಿಬಾರಿ ಎನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರು ಮುದುಕಿ ಬಂದು ಕೂಡ್ತಾಳೆ ಅಂತಿದ್ದರು. ನಮ್ಮ ತಾಯಿಯ ಅತ್ತೆ ಅಷ್ಟು ದೂರ ಹೋಗಿರಲಿಕ್ಕಿಲ್ಲ!

ನಿದ್ದೆಗೆಟ್ಟವರಿಗೆ, ಮಲಗುವ ಹೊತ್ತು ತಪ್ಪಿದವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು. ಈ ತಾಯಿ ರಾತ್ರಿ ಒಂದರ ತನಕ ಬೀಡಿ ಕಟ್ಟಿ ಐದಕ್ಕೆ ಏಳುತ್ತಿದ್ದರು. ಬೇಗ ಮಲಗಿರಿ, ಮಗ್ಗುಲಾಗಿ ಮಲಗಿರಿ, ಮೈ ಕಟ್ಟಿದಾಗ ಒಂದು ಬೆರಳು ಅಲುಗಿಸಲು ನೋಡಿರಿ ಅಂದೆ. ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಸಾಲ ಎತ್ತಲಿಲ್ಲ. ಪದೇ ಪದೇ ಆಗುತ್ತಿದ್ದರೆ, ಹಗಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ನನಗೆ ಹೆದರಿಕೆ ಆದದ್ದು ಅವರ ಗಂಡನ ಸುದ್ದಿ ಕೇಳಿ. ಸೊಲ್ಲಾಪುರದ ಪವರ್‌ಲೂಮ್ ಕೆಲಸಗಾರ. ಗೊರಕೆ ಓಣಿಗೆಲ್ಲ ಕೇಳ್ತದ, ಮಂದಿ ನಗ್ತಾರೆ. ನಡುವೆ ಗೊರಕೆ ಗಪ್ ಆಗಿ, ಆಮೇಲೆ ಉಸಿರು ಸಿಕ್ಕಿಕೊಂಡಂತೆ ಬಡಬಡಿಸಿ ಮತ್ತೆ ಶುರು. ಮುಂಜಾನೆ ತಲೆನೋವು, ಮಗ್ಗದ ಮುಂದೆ ತೂಕಡಿಕೆ. ಇದರಲ್ಲಿ ಗಂಟಲ ದಾರಿ ಮುಚ್ಚಿ ಗಾಳಿ ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಮತ್ತೆ ಮತ್ತೆ ತಟ್ಟಿ ಎಬ್ಬಿಸುತ್ತದೆ. ಸ್ಲೀಪ್ ಅಪ್ನಿಯಾ ಅಂತ ಹೆಸರು. ಬಿಟ್ಟರೆ ರಕ್ತದೊತ್ತಡ, ಹೃದಯರೋಗ. ಇದಕ್ಕೆ ಚಿಕಿತ್ಸೆ ಇದೆ. ಮೂಗಿನ ಮೂಲಕ ಗಾಳಿ ಒತ್ತುವ ಯಂತ್ರವೂ 1981ರಿಂದ ಇದೆ.

ಆತ ಒಪ್ಪುವುದಿಲ್ಲ. "ಗೊರಕಿ ಅಂದ್ರ ಗಾಢ ನಿದ್ದಿ" ಅಂತಾನೆ. ಮೊನ್ನೆ ಆ ತಾಯಿ ಪಾಟಿಚೀಲದಿಂದ ನೋಟ್‌ಬುಕ್ ತೆಗೆದರು. ಗಂಡನ ಉಸಿರು ನಿಂತಾಗ ಗಡಿಯಾರ ನೋಡಿ ಸೆಕೆಂಡು ಬರೆದಿದ್ದರು: 12, 20, 15. ಮೂರರ ಅಂಕಿ ತಿರುಗುಮುರುಗಾಗಿ 31 ಹೋಗಿ 13 ಆಗಿತ್ತು, ತಿದ್ದಿಕೊಟ್ಟೆ. ಸೋಮವಾರ ಆ ಹಾಳೆ ತಗೊಂಡು ಇಬ್ಬರೂ ಸರ್ಕಾರಿ ದವಾಖಾನೆಗೆ ಹೋಗ್ತಾರಂತೆ.