ಸನಾದಿಯ ಬೆನ್ನಿಗೆ ನಿಂತ ಸ್ವರ

ಸನಾದಿ ಮೇಳದಲ್ಲಿ ಕನಿಷ್ಠ ಇಬ್ಬರ ಉಸಿರು ಜೊತೆಯಾಗಿ ಓಡುತ್ತದೆ. ಒಬ್ಬ ರಾಗ ನುಡಿಸುತ್ತಾನೆ. ಇನ್ನೊಬ್ಬ ಷಡ್ಜವೊಂದನ್ನೇ ಎಡೆಬಿಡದೆ ಊದುತ್ತಾನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಮದುವೆ, ಜಾತ್ರೆ, ಪಲ್ಲಕ್ಕಿ ಮೆರವಣಿಗೆಗಳ ಆಶುವಾದನಕ್ಕೆ ನೆಲೆ ಈ ಎರಡನೆಯವನೇ. ಆದರೂ ಅವನ ಹೆಸರು ಕೇಳುವವರು ಕಡಿಮೆ.

ಸನಾದಿಗೆ ಮರದ ಕೊಳವೆ, ತುದಿಯಲ್ಲಿ ಲೋಹದ ಅಗಲ ಬಾಯಿ, ತುಟಿಗೆ ಸಿಗುವಲ್ಲಿ ಜೊಂಡಿನ ಎರಡೆಸಳಿನ ನಾಲಿಗೆ. ಹೆಚ್ಚುವರಿ ನಾಲಿಗೆಗಳನ್ನು ದಾರದಲ್ಲಿ ಕಟ್ಟಿ ವಾದ್ಯಕ್ಕೇ ಇಳಿಬಿಟ್ಟಿರುತ್ತಾರೆ. ಒಣಗಿದ ನಾಲಿಗೆ ನುಡಿಯದು. ನುಡಿಸುವ ಮುನ್ನ ಬಾಯಲ್ಲಿಟ್ಟು ನೆನೆಸಬೇಕು. ರಂಧ್ರವನ್ನು ಅರ್ಧ ಮುಚ್ಚಿ, ತುಟಿಯ ಒತ್ತಡ ಬದಲಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ತೆಗೆಯುತ್ತಾರೆ. ಶ್ರುತಿ ಹಿಡಿಯುವವನ ವಾದ್ಯದಲ್ಲಿ ಬೇಡದ ರಂಧ್ರಗಳನ್ನು ಮೇಣದಿಂದ ಮುಚ್ಚಿರುತ್ತಾರೆ. ಅವನ ವಿದ್ಯೆಯೆಲ್ಲ ಉಸಿರಿನಲ್ಲಿದೆ: ಕೆನ್ನೆಯಲ್ಲಿ ಗಾಳಿ ಕೂಡಿಟ್ಟು ಅದನ್ನು ಹೊರದಬ್ಬುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಅದು ಒಂದು ಕ್ಷಣ ತಪ್ಪಿದರೂ ರಾಗ ನುಡಿಸುವವನ ಕಾಲಡಿಯ ನೆಲ ಸರಿದಂತೆ.

ಕರಡಿ ಮಜಲು ಎಂಬ ಜನಪದ ಮೇಳದಲ್ಲಿ ಈ ಜೋಡಿಗೆ ಕರಡಿ ಎಂಬ ಚರ್ಮವಾದ್ಯ, ಚೌಘಡ, ತಾಳ ಕೂಡುತ್ತವೆ. ಸನಾದಿಯವನು ಒಂದು ತುಣುಕು ಎಸೆಯುತ್ತಾನೆ, ಕರಡಿಯವನು ಅದನ್ನು ಲಯದಲ್ಲಿ ಹಿಡಿದು ತಿರುಗಿಸಿ ಕೊಡುತ್ತಾನೆ. ಸವಾಲು-ಜವಾಬು ಏರಿದಂತೆ ವಾದಕರು ಬಾಗುತ್ತಾರೆ, ಮಂಡಿಯೂರುತ್ತಾರೆ, ಸುತ್ತುತ್ತಾರೆ. ಯಾವ ತಿರುವು ಎಷ್ಟು ಹೊತ್ತು ಎಂಬುದು ಅಲ್ಲೇ, ಎದುರಿನವನ ಕಣ್ಣು ನೋಡಿ ತೀರ್ಮಾನವಾಗುವ ಮಾತು. ಸನಾದಿ ವಾದನವನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರಲ್ಲಿ ಭಜಂತ್ರಿ ಮನೆತನಗಳು ಮುಖ್ಯ.

ಬೀಳಗಿಯ ಸನಾದಿ ಅಪ್ಪಣ್ಣನವರ ಹೆಸರು ನಾಡಿಗೆಲ್ಲ ಮುಟ್ಟಿದ್ದು ಸಿನಿಮಾದಿಂದ. ಅದೇ ಊರಿನವರಾದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ ಆಧರಿಸಿ 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ದಲ್ಲಿ ರಾಜ್‌ಕುಮಾರ್ ನಟಿಸಿದರು, ತೆರೆಯ ಮೇಲಿನ ಸನಾದಿಗೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಮದುವೆ ಚಪ್ಪರದ ವಾದ್ಯವನ್ನು ಕಛೇರಿಯ ಮುಖ್ಯ ವಾದ್ಯವಾಗಿ ಮೆರೆಸಿದ ಖಾನರೇ ಈ ಊರಿನ ಕಲಾವಿದನ ಕಥೆಗೆ ನುಡಿಸಿದ್ದು ಎಷ್ಟು ತಕ್ಕುದು!

ಸನಾದಿ ಮೇಳದ ಶ್ರುತಿಯವನಂತೆ ಆಧಾರ ಹಿಡಿಯುವ ಕೆಲಸ ಪಶ್ಚಿಮದಲ್ಲಿ ಟ್ಯೂಬಾದ ಪಾಲಿಗೆ ಬಂದಿತ್ತು. 1835ರಲ್ಲಿ ಬರ್ಲಿನ್ನಿನ ವೀಪ್ರೆಷ್ಟ್ ಮತ್ತು ಮೋರಿಟ್ಸ್ ಪೇಟೆಂಟ್ ಪಡೆದ ಈ ಹಿತ್ತಾಳೆಯ ವಾದ್ಯವನ್ನೂ, ಹೆಗಲಿಗೆ ಸುತ್ತಿಕೊಳ್ಳುವ ಅದರ ತಮ್ಮ ಸೂಸಫೋನನ್ನೂ ನ್ಯೂ ಆರ್ಲಿಯನ್ಸಿನ ಬೀದಿ ಬ್ಯಾಂಡುಗಳು ಮಂದ್ರಸ್ವರಕ್ಕೆ ಬಳಸಿದವು. ನಡೆಯುತ್ತ ಡಬಲ್ ಬಾಸ್ ನುಡಿಸಲಾಗದು, ಟ್ಯೂಬಾ ನುಡಿಸಬಹುದು. 1930ರ ಹೊತ್ತಿಗೆ ಜಾಝ್ ತಂಡಗಳಲ್ಲಿ ಡಬಲ್ ಬಾಸ್ ಅದರ ಜಾಗ ಹಿಡಿಯಿತು. 1949–50ರ ಮೈಲ್ಸ್ ಡೇವಿಸ್ ಧ್ವನಿಮುದ್ರಣಗಳಲ್ಲಿ ಬಿಲ್ ಬಾರ್ಬರ್ ಟ್ಯೂಬಾವನ್ನು ಮಿಕ್ಕ ವಾದ್ಯಗಳ ಸಾಲಿಗೆ ಮರಳಿ ತಂದರು. ಹೊವರ್ಡ್ ಜಾನ್ಸನ್ ಅದನ್ನು ಏಕವ್ಯಕ್ತಿ ವಿಸ್ತಾರದ ವಾದ್ಯವಾಗಿಯೇ ನುಡಿಸಿದರು. 1977ರಲ್ಲಿ ಹುಟ್ಟಿದ ಡರ್ಟಿ ಡಜನ್ ಬ್ರಾಸ್ ಬ್ಯಾಂಡಿನಲ್ಲಿ ಕರ್ಕ್ ಜೋಸೆಫ್ ಸೂಸಫೋನಿನಿಂದ ಕುಣಿಯುವಂಥ ಚಲನೆ ಹೊರಡಿಸಿದರು.

ಟ್ಯೂಬಾಕ್ಕೆ ಈ ದಾರಿ ತೆರೆದದ್ದು ಅದರ ಕವಾಟಗಳಿಂದ: ಆಧಾರ ಹಿಡಿದವನ ಕೈಯಲ್ಲೇ ಎಲ್ಲ ಸ್ವರಗಳೂ ಇದ್ದವು. ಮೇಣ ಮೆತ್ತಿದ ಶ್ರುತಿ ಸನಾದಿಗೆ ಆ ಅವಕಾಶವಿಲ್ಲ. ಆದರೆ ಅದನ್ನು ಊದುವವನ ಕೆಲಸ ಯಂತ್ರದ್ದೂ ಅಲ್ಲ. ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಯಂಥ ಬಯಲಿನಲ್ಲಿ ಊದುತ್ತ ಹೋದಂತೆ ನಾಲಿಗೆ ಕಾಯುತ್ತದೆ, ನೆನೆಯುತ್ತದೆ, ಶ್ರುತಿ ಕೊಂಚ ಅತ್ತಿತ್ತ ಸರಿಯುತ್ತದೆ. ಶ್ರುತಿಪೆಟ್ಟಿಗೆ ತನ್ನ ಸ್ವರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಪಕ್ಕದಲ್ಲಿ ನಿಂತ ಮನುಷ್ಯನಾದರೋ ತುಟಿಯ ಬಿಗಿ ಬದಲಿಸಿ ಸನಾದಿಯನ್ನು ಹಿಂಬಾಲಿಸುತ್ತಾನೆ.