ಕುಡಿತ ಬಿಟ್ಟವರ ಕೈ ಬಿಡದಿರೋಣ



ಕುಟುಂಬ ಕಲ್ಯಾಣವೆಂದರೆ ಹೆರಿಗೆ, ಲಸಿಕೆ, ಮಕ್ಕಳ ನಡುವಣ ಅಂತರ ಇಷ್ಟೇ ಎಂದು ಹಲವರು ಭಾವಿಸಿದ್ದಾರೆ. ಆದರೆ ಕೂಲಿಯ ಹಣವು ಹೊಸ್ತಿಲು ದಾಟಿ ಒಳಬರುವ ಮೊದಲೇ ಮದ್ಯದಂಗಡಿಯಲ್ಲಿ ಕರಗಿಹೋದರೆ ಆ ಕುಟುಂಬಕ್ಕೆ ಯಾವ ಕಲ್ಯಾಣ? ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿಯನ್ನು ನಿಷೇಧಿಸಲಾಯಿತು. ಆದರೂ ಕುಡಿತ ನಿಲ್ಲಲಿಲ್ಲ, ಸೀಸೆಯಷ್ಟೇ ಬದಲಾಯಿತು. ಆದುದರಿಂದ ಕುಡಿತವನ್ನು ಬಿಡುವ ಬಗೆ ಹಾಗೂ ಬಿಟ್ಟವರನ್ನು ಉಳಿಸಿಕೊಳ್ಳುವ ಬಗೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ವ್ಯಸನವೂ ಒಂದು ಕಾಯಿಲೆ. ವರ್ಷಗಟ್ಟಲೆ ಪ್ರತಿದಿನ ಮದ್ಯ ಸೇವಿಸುವವರ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಬೆಳಿಗ್ಗೆ ಎದ್ದೊಡನೆ ಕೈ ನಡುಗುವುದು, ಬೆವರುವುದು, ಒಂದು ಗುಟುಕು ಒಳಹೋದೊಡನೆ ಇವೆಲ್ಲ ಅಡಗುವುದು ಇದರ ಲಕ್ಷಣಗಳು. ಬೈಗುಳದಿಂದ ಸಕ್ಕರೆ ಕಾಯಿಲೆ ವಾಸಿಯಾಗದು. ಅಂತೆಯೇ ಇದೂ ವಾಸಿಯಾಗದು.

ನಾನು ಸೇವೆಗೆ ಸೇರಿದ ಹೊಸತರಲ್ಲಿ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಗಾರೆ ಕೆಲಸದ ಒಬ್ಬಾತ ಊರ ದೇವರ ಮುಂದೆ ಆಣೆ ಮಾಡಿ ಒಂದೇ ದಿನದಲ್ಲಿ ಕುಡಿತ ಬಿಟ್ಟನು. ಮನೆಯವರು ಹಿಗ್ಗಿದರು. ಮರುದಿನವೇ ಆತನಿಗೆ ಫಿಟ್ಸ್ ಬಂದಿತು. ಕೈಗೆ ಬೀಗದಕೈ ಹಿಡಿಸಿ ಸುಮ್ಮನಾದರು. ಮೂರನೆಯ ದಿನ ಗೋಡೆಯ ಮೇಲೆ ಹಾವುಗಳು ಹರಿಯುತ್ತಿವೆಯೆಂದು ಆತ ಕೂಗತೊಡಗಿದನು. ದೆವ್ವ ಮೆಟ್ಟಿದೆಯೆಂದು ಹಿರಿಯರು ಮಂತ್ರವಾದಿಗೆ ಹೇಳಿಕಳುಹಿಸಿದರು. ಹೆಂಡತಿಯೊಬ್ಬಳೇ ಹಠ ಹಿಡಿದು ಆತನನ್ನು ಆಸ್ಪತ್ರೆಗೆ ಕರೆತಂದಳು. ಜೀವ ಉಳಿಯಿತು.

ಅದು ದೆವ್ವವಲ್ಲ; ಒಗ್ಗಿಹೋದ ಮದ್ಯವು ಒಮ್ಮೆಲೇ ನಿಂತುದರ ಪರಿಣಾಮ. ಕಡೆಯ ಗುಟುಕಿನ ನಂತರ ಸಾಮಾನ್ಯವಾಗಿ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. 2ರಿಂದ 4 ದಿನಗಳಲ್ಲಿ ಬುದ್ಧಿಭ್ರಮಣೆಯಾಗಬಹುದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಾಪಾಯವೂ ಉಂಟು. ಆದುದರಿಂದ ಪ್ರತಿದಿನ ಹೆಚ್ಚು ಕುಡಿಯುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಬಿಡಬೇಕೆಂದು ನಿಶ್ಚಯಿಸಿದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಸುಮಾರು ಒಂದು ವಾರ, ಹತ್ತು ದಿನ ಪ್ರಮಾಣವನ್ನು ತಗ್ಗಿಸುತ್ತಾ ಮಾತ್ರೆಗಳನ್ನು ಕೊಡಲಾಗುವುದು. ಜೊತೆಗೆ ಥಯಾಮಿನ್ ಎಂಬ ಬಿ-1 ಜೀವಸತ್ವವನ್ನೂ ಕೊಡಲಾಗುವುದು. ಹಿಂದೆ ಫಿಟ್ಸ್ ಬಂದಿದ್ದವರು ಆಸ್ಪತ್ರೆಯಲ್ಲಿ ದಾಖಲಾಗುವುದೇ ಕ್ಷೇಮ.

ಮುಂದಿನ ಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳೂ ಇವೆ. ಕುಡಿಯುವ ಹಂಬಲವನ್ನು ತಗ್ಗಿಸಲು ನಾಲ್ಟ್ರೆಕ್ಸೋನ್‌ನಂತಹ ಔಷಧಿಗಳುಂಟು. ಡೈಸಲ್ಫಿರಾಮ್ ಎಂಬ ಮಾತ್ರೆ ಸೇವಿಸುವವರು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ತಾಯಂದಿರೇ, ಇಂತಹ ಔಷಧಿಯನ್ನು ಗಂಡನಿಗೆ ತಿಳಿಯದಂತೆ ಅನ್ನ ಸಾರಿನಲ್ಲಿ ಎಂದಿಗೂ ಬೆರೆಸಬೇಡಿ. ತಿಳಿಯದೆ ಆತ ಕುಡಿದರೆ ಪ್ರಾಣಕ್ಕೇ ಸಂಚಕಾರ. ಗುಟ್ಟಾಗಿ ಕುಡಿತ ಬಿಡಿಸುವ ಪುಡಿಯೆಂದು ಮಾರುವವರನ್ನೂ ನಂಬಬೇಡಿ.

ಇನ್ನು ಆ ಗಾರೆ ಕೆಲಸದವನ ಕಥೆಯ ಉಳಿದ ಭಾಗ. ಎಂಟು ತಿಂಗಳು ಚೆನ್ನಾಗಿದ್ದ ಆತ ಊರ ಜಾತ್ರೆಯಲ್ಲಿ ಗೆಳೆಯರ ಒತ್ತಾಯಕ್ಕೆ ಮತ್ತೆ ಕುಡಿದನು. ಮರುವಾರ ಆಸ್ಪತ್ರೆಗೆ ಬಂದಾಗ ನಾನು ಎಲ್ಲರೆದುರು ಆತನನ್ನು ಗದರಿಸಿದೆ. ಐದು ತಿಂಗಳು ಆತ ಇತ್ತ ಸುಳಿಯಲಿಲ್ಲ. ಕೊನೆಗೆ ಹೆಂಡತಿಯೇ ಕರೆತಂದು, “ಎಂಟು ತಿಂಗಳು ಮುಟ್ಟದೆ ಇದ್ದರಲ್ಲ ಡಾಕ್ಟ್ರೇ, ಅದನ್ನೂ ನಿಮ್ಮ ಚೀಟಿಯಲ್ಲಿ ಬರೀರಿ” ಎಂದಳು. ತಪ್ಪು ನನ್ನದಾಗಿತ್ತು. ಮರುಕಳಿಸುವುದು ಈ ಕಾಯಿಲೆಯ ಗುಣ. ಜಾರಿದವನನ್ನು ಅವಮಾನಿಸಿದರೆ ಆತ ಹಿಂದಿರುಗುವುದು ಮದ್ಯದಂಗಡಿಗೇ ಹೊರತು ಆಸ್ಪತ್ರೆಗಲ್ಲ.

ಆದುದರಿಂದ ದಂಪತಿಗಳು ಒಟ್ಟಿಗೆ ಬನ್ನಿ. ಸಂಜೆಯ ಹೊತ್ತನ್ನು ಬರಿದಾಗಿ ಬಿಡದೆ ಹೊಲ, ಹಟ್ಟಿ, ಭಜನೆ, ಮಕ್ಕಳ ಪಾಠ ಯಾವುದಾದರೊಂದಕ್ಕೆ ಮೀಸಲಿಡಿ. ಕೂಲಿಯ ಹಣವನ್ನು ಇಬ್ಬರೂ ಕೂಡಿ ಎಣಿಸಿ ಇಡಿ. ಕುಡಿತ ಬಿಟ್ಟವರೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವು 1935ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ನಮ್ಮ ರಾಜ್ಯದಲ್ಲಿಯೂ ಅದರ ಸಭೆಗಳು ನಡೆಯುತ್ತವೆ. ಅಲ್ಲಿ ಶುಲ್ಕವಿಲ್ಲ, ಹೆಸರನ್ನು ಹೊರಗೆಡಹುವುದಿಲ್ಲ. ದೂರವಾಣಿಯಲ್ಲಿ ಸಲಹೆ ಪಡೆಯಲು ವ್ಯಸನಮುಕ್ತಿ ಸಹಾಯವಾಣಿ 14446 ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು.

ಸೋದರಿಯರಿಗೆ ಇನ್ನೊಂದು ಮಾತು. ಕುಡಿತವು ಕಾಯಿಲೆಯೆಂದ ಮಾತ್ರಕ್ಕೆ ಹೊಡೆತವನ್ನು ಸಹಿಸಬೇಕೆಂದು ಅರ್ಥವಲ್ಲ. ಅಪಾಯ ಕಂಡಾಗ ಮಕ್ಕಳೊಡನೆ ಸುರಕ್ಷಿತ ಸ್ಥಳಕ್ಕೆ ಹೋಗಿ, 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡಿ. ಗಂಡನ ಕುಡಿತಕ್ಕೆ ನೀವು ಕಾರಣರಲ್ಲ.

ಆ ಗಾರೆ ಕೆಲಸದವನು ಇಂದಿಗೂ ತಿಂಗಳಿಗೊಮ್ಮೆ ಹೆಂಡತಿಯೊಡನೆ ಬರುತ್ತಾನೆ. ಕುಡಿಯದೆ ಉಳಿದ ತಿಂಗಳುಗಳನ್ನು ನಾನು ಚೀಟಿಯಲ್ಲಿ ಬರೆಯುತ್ತೇನೆ. ಆಕೆ ಸರಿಯಾಗಿದೆಯೇ ಎಂದು ನೋಡುತ್ತಾಳೆ. ನಿಮ್ಮ ಮನೆಯಲ್ಲಿಯೂ ಇಂತಹ ಲೆಕ್ಕವನ್ನು ಆರಂಭಿಸಬೇಕಾಗಿದ್ದರೆ ಸಂಕೋಚ ಬೇಡ. ನಮ್ಮ ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿ. ಇಲ್ಲವೇ ನೇರವಾಗಿ ಆಸ್ಪತ್ರೆಗೆ ಬನ್ನಿ.